ತರಗಿನ ಬೆಂಕಿ, ಲೆಕ್ಕದ ಬೆಂಕಿ

ಶಿವರಾತ್ರಿ ಹತ್ತಿರವಾಯಿತೆಂದರೆ ತಾರಸಿಯ ಮೇಲೆ ಹಪ್ಪಳ ಒಣಹಾಕುವಾಗ ನನ್ನ ಕಣ್ಣು ತಾನಾಗಿಯೇ ತುರಹಳ್ಳಿ ಕಾಡಿನ ಕಡೆ ಹೋಗುತ್ತದೆ. ಬನಶಂಕರಿ ಆರನೇ ಹಂತದ ಪಕ್ಕದ ಈ ಜಾಗವನ್ನು ಕಾಡು ಎಂದರೆ ದೊಡ್ಡ ಮಾತಾಯಿತೇನೋ. ಬಂಡೆ, ಕುರುಚಲು ಗಿಡ, ಒಣಹುಲ್ಲು, ನಡುನಡುವೆ ನೀಲಗಿರಿ ಮರ, ಅಷ್ಟೇ. ಬೇಸಿಗೆಯಲ್ಲಿ ಅಲ್ಲಿಂದ ಹೊಗೆ ಏಳುವುದು ಹೊಸದಲ್ಲ. ಹೊಗೆ ಕಂಡಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ.

1997ರ ಮಾತು. ಜೆ.ಪಿ. ನಗರದ ಶಾಲೆಯೊಂದರಲ್ಲಿ ಆಗಷ್ಟೇ ಸಮಾಜ ಪಾಠಕ್ಕೆ ಸೇರಿದ್ದೆ. ಒಂದು ದಿನ 'ಕಾಡಿನ ಶತ್ರುಗಳು' ಎಂದು ಬೋರ್ಡಿನ ಮೇಲೆ ಬರೆದು, ಮೊದಲ ಶತ್ರು ಬೆಂಕಿ ಎಂದೆ. ಕೊನೆಯ ಬೆಂಚಿನ ಹುಡುಗ ಎದ್ದು ನಿಂತ. ಅವನ ಮನೆಯವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ತಂದೆ ಕಟ್ಟಡವೊಂದರ ಕಾವಲಿಗೆಂದು ಪೋಡು ಬಿಟ್ಟು ಬೆಂಗಳೂರಿಗೆ ಬಂದಿದ್ದರು.

"ನಮ್ ತಾತ ತರಗಿಗೆ ಬೆಂಕಿ ಹಾಕ್ತಿದ್ರಂತೆ ಮಿಸ್. ಹಾಕ್ದಿದ್ರೆ ಕಾಡು ಕೆಡ್ತದೆ ಅಂತಾರೆ" ಎಂದ.

"ಅದು ತಪ್ಪು, ಕೂತ್ಕೊ" ಎಂದೆ. ಮಕ್ಕಳು ನಕ್ಕರು. ಅಂದಿನಿಂದ ಅವನಿಗೆ 'ಬೆಂಕಿ' ಎಂದೇ ಹೆಸರಾಯಿತು. ಅದು ನನ್ನ ಕಿವಿಗೂ ಬಿತ್ತು. ಮಕ್ಕಳಾಟವೆಂದು ಸುಮ್ಮನಿದ್ದುಬಿಟ್ಟೆ. ಮರುವರ್ಷ ಆ ಹುಡುಗ ಶಾಲೆಗೆ ಬರಲಿಲ್ಲ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಿತು. 21ನೇ ತಾರೀಖಿನಿಂದ ನಾಲ್ಕೈದು ದಿನ ಟಿವಿಯ ಮುಂದಿನಿಂದ ಏಳಲಾಗಲಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಗುಡ್ಡಗುಡ್ಡವೇ ಕಪ್ಪಾಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಮೇಲಿನಿಂದ ನೀರು ಸುರಿದವು. ಉಪಗ್ರಹದ ಚಿತ್ರ ನೋಡಿ ಹೈದರಾಬಾದಿನ ದೂರಸಂವೇದಿ ಕೇಂದ್ರದವರು ಲೆಕ್ಕ ಹಾಕಿದಾಗ ಸುಟ್ಟ ಜಾಗ ಸುಮಾರು 4,400 ಹೆಕ್ಟೇರ್. ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟಿದ್ದರು.

"ಬೆಂಕಿ ಯಾವ ಕಡೆ ಹೋಗುತ್ತದೆಂದು ಮೊದಲೇ ಗೊತ್ತಾಗುವುದಿಲ್ಲವೇ?" ಎಂದು ಮಗಳನ್ನು ಕೇಳಿದೆ. ಕಂಪ್ಯೂಟರ್ ಕೆಲಸದವಳು. "ಅದಕ್ಕೂ ಪ್ರೋಗ್ರಾಂ ಇದೆಯಮ್ಮ" ಎಂದು ಲ್ಯಾಪ್‌ಟಾಪ್ ತೆರೆದು ಕೂತಳು. ಇತಿಹಾಸದ ಮೇಷ್ಟರಿಗೆ ಏನು ತೋರಿಸಿದರೂ ಅದರ ಹಿಂದಿನ ಕಥೆ ಬೇಕಲ್ಲ! ನಾನು ಅದನ್ನು ಹುಡುಕಿ ಹೊರಟೆ.

ಕಥೆ ಅಮೆರಿಕದ ಮೊಂಟಾನಾ ರಾಜ್ಯದ್ದು. 1949ರ ಆಗಸ್ಟ್ 5ರಂದು ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಬೆಂಕಿ ಆರಿಸಲು ಹೋದ 16 ಜನರ ಬೆನ್ನಿಗೇ ಬೆಂಕಿ ಬಿತ್ತು. ಒಣಹುಲ್ಲಿನ ಏರಿನಲ್ಲಿ ಅವರು ಓಡಿದರು, ಬೆಂಕಿ ಅವರಿಗಿಂತ ಜೋರಾಗಿ ಓಡಿತು. ತಂಡದ ಮುಖಂಡ ಡಾಡ್ಜ್ ಮಾತ್ರ ನಿಂತು, ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ. ಅದು ಸುಟ್ಟು ಬಿಟ್ಟ ಬೂದಿಯ ಮೇಲೆ ಬೋರಲು ಮಲಗಿದ. ಎಲ್ಲರನ್ನೂ ಕೂಗಿ ಕರೆದ, ಯಾರೂ ಬರಲಿಲ್ಲ. ಹದಿಮೂರು ಜನ ಸತ್ತರು. ಒಮ್ಮೆ ಸುಟ್ಟ ನೆಲದಲ್ಲಿ ಬೆಂಕಿಗೆ ಉಣ್ಣಲು ಏನೂ ಇರುವುದಿಲ್ಲವಾಗಿ ಡಾಡ್ಜ್ ಉಳಿದುಕೊಂಡ.

ಅದೇ ಮೊಂಟಾನಾದ ಮಿಸೌಲಾ ಊರಿನಲ್ಲಿ 1960ರಲ್ಲಿ ಕಾಡುಬೆಂಕಿಯ ಪ್ರಯೋಗಶಾಲೆ ಶುರುವಾಯಿತು. ಅಲ್ಲಿ ರಿಚರ್ಡ್ ರಾಥರ್ಮೆಲ್ ಎಂಬ ಎಂಜಿನಿಯರ್ ಗಾಳಿ ಬೀಸುವ ಸುರಂಗದೊಳಗೆ ಕಡ್ಡಿಗಳನ್ನು ಹರಡಿ, ಸುಟ್ಟು, ಅಳೆದು, 1972ರಲ್ಲಿ ಒಂದು ಸೂತ್ರ ಬರೆದರು. ಬೆಂಕಿ ನಿಮಿಷಕ್ಕೆ ಎಷ್ಟು ದೂರ ಸಾಗುತ್ತದೆಂದು ಹೇಳುವ ಸೂತ್ರ. ಅದು ಕೇಳುವುದನ್ನೆಲ್ಲ ಸೌದೆ ಒಲೆ ಹಚ್ಚಿದ ಹೆಂಗಸರು ಬಲ್ಲರು. ಕಡ್ಡಿ ಸಣ್ಣದೋ ದಪ್ಪವೋ? ಹಸಿಯೋ ಒಣಗಿದ್ದೋ? ಒತ್ತಾಗಿದೆಯೋ ನಡುವೆ ಗಾಳಿಯಾಡುತ್ತದೆಯೋ? ಕಟ್ಟಿಟ್ಟ ಪೇಪರಿನ ಹೊರೆ ಬೇಗ ಹೊತ್ತುವುದಿಲ್ಲ, ಬಿಡಿ ಹಾಳೆ ಭಗ್ಗೆನ್ನುತ್ತದೆ. ಆಮೇಲೆ ಗಾಳಿಯ ಜೋರು, ನೆಲದ ಏರು. ಗೀರಿದ ಬೆಂಕಿಕಡ್ಡಿಯನ್ನು ತಲೆಕೆಳಗಾಗಿ ಹಿಡಿದರೆ ಉರಿ ಸರ್ರನೆ ಬೆರಳಿಗೆ ಏರುತ್ತದಲ್ಲ, ಗುಡ್ಡ ಹತ್ತುವ ಬೆಂಕಿಯೂ ಹಾಗೆಯೇ.

ಈ ಸೂತ್ರವನ್ನು ಕಂಪ್ಯೂಟರಿನ ನಕ್ಷೆಗೆ ಇಳಿಸಿದ್ದು 1990ರ ದಶಕದಲ್ಲಿ, ಮಾರ್ಕ್ ಫಿನ್ನಿ ಎಂಬುವರು. ಅವರ ಪ್ರೋಗ್ರಾಮಿನ ಹೆಸರು ಫಾರ್‌ಸೈಟ್. ಬೆಂಕಿಯ ಅಂಚಿನ ಮೇಲೆ ಚುಕ್ಕಿಗಳನ್ನಿಟ್ಟು, ಪ್ರತಿ ಚುಕ್ಕಿಯೂ ಒಂದು ಹೊಸ ಬೆಂಕಿ ಎಂದುಕೊಳ್ಳುವುದು. ಪ್ರತಿಯೊಂದೂ ಗಾಳಿಯ ಕಡೆಗೆ ಉದ್ದವಾದ ಮೊಟ್ಟೆಯಾಕಾರದಲ್ಲಿ ಬೆಳೆಯುತ್ತದೆ. ಆ ಮೊಟ್ಟೆಗಳ ಹೊರಗೆರೆಯನ್ನು ಸೇರಿಸಿದರೆ ಸ್ವಲ್ಪ ಹೊತ್ತಿನ ನಂತರ ಬೆಂಕಿ ಎಲ್ಲಿರುತ್ತದೆಂದು ತಿಳಿಯುತ್ತದೆ. ಹೆಚ್ಚುಕಡಿಮೆ ನಮ್ಮ ಚುಕ್ಕಿ ರಂಗೋಲಿಯೇ.

"ಹಾಗಾದರೆ ಬಂಡೀಪುರಕ್ಕೆ ಹಾಕಿ ತೋರಿಸು" ಎಂದೆ. ಮಗಳು ತಡೆದಳು. "ನೆಲದ ಮೇಲೆ ಏನು ಬೆಳೆದಿದೆ ಅಂತ ನಾವೇ ಹೇಳಬೇಕಮ್ಮ. ಇದರಲ್ಲಿ ಕೊಟ್ಟಿರೋದೆಲ್ಲ ಅಮೆರಿಕದ ಹುಲ್ಲು, ಅಮೆರಿಕದ ಪೊದೆ. ಲಂಟಾನ ಇಲ್ಲ."

ಲಂಟಾನವನ್ನು ನೀವೆಲ್ಲ ಬಲ್ಲಿರಿ. ಬೇಲಿಯಲ್ಲಿ ಬಣ್ಣಬಣ್ಣದ ಪುಟ್ಟ ಹೂಗೊಂಚಲು ಬಿಡುವ ಮುಳ್ಳುಗಿಡ. 19ನೇ ಶತಮಾನದ ಆರಂಭದಲ್ಲಿ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು, ಇಂದು ನಮ್ಮ ಕಾಡುಗಳನ್ನೆಲ್ಲ ತುಂಬಿದೆ. ಸಣ್ಣ ಕಡ್ಡಿ, ನಡುವೆ ಗಾಳಿ, ಬೇಸಿಗೆಗೆ ಒಣಗಿ ಮರದ ಮೇಲೂ ಹಬ್ಬಿರುತ್ತದೆ. ನೆಲದ ಬೆಂಕಿ ಮರದ ತುದಿಗೇರಲು ಏಣಿ ಇಟ್ಟಹಾಗೆ. ಮರದ ನೆರಳಿನಡಿ ಅದು ಎಷ್ಟು ದಟ್ಟವಾಗಿದೆಯೆಂದು ಉಪಗ್ರಹಕ್ಕೂ ಸರಿಯಾಗಿ ಕಾಣದು. ಕಾಡಿನೊಳಗೆ ನಡೆದು ನೋಡಿದವರೇ ಹೇಳಬೇಕು.

ಆಗ ನನಗೆ ಆ ಹುಡುಗನ ತಾತ ನೆನಪಾದರು.

ಸೋಲಿಗರು ಬೇಸಿಗೆ ಬಲಿಯುವ ಮುಂಚೆಯೇ ಉದುರಿದ ಎಲೆಗೆ ಬೆಂಕಿ ಹಾಕುತ್ತಿದ್ದರು. ಉರಿ ಮೊಣಕಾಲೆತ್ತರ ಬಂದು ಆರುತ್ತಿತ್ತು. ಹುಲ್ಲು ಚಿಗುರುತ್ತಿತ್ತು, ಲಂಟಾನದ ಎಳೆಸಸಿ ಸಾಯುತ್ತಿತ್ತು. ದೊಡ್ಡ ಬೆಂಕಿಗೆ ಉಣ್ಣಲು ಏನೂ ಉಳಿಯುತ್ತಿರಲಿಲ್ಲ. ಡಾಡ್ಜ್ ಪ್ರಾಣಭಯದಲ್ಲಿ ಒಮ್ಮೆ ಮಾಡಿದ್ದನ್ನು ಇವರು ವರ್ಷವರ್ಷವೂ ಮಾಡುತ್ತಿದ್ದರು. ರಾಥರ್ಮೆಲ್ ಸೂತ್ರ ಬರೆದ ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಅಲ್ಲಿ ಬೆಂಕಿ ಹಾಕುವುದು ಅಪರಾಧವಾಯಿತು. ಅಲ್ಲಿ ಬೆಂಕಿಯ ಗುಟ್ಟನ್ನು ಲೆಕ್ಕಕ್ಕೆ ಇಳಿಸಿದ ವರ್ಷವೇ ಇಲ್ಲಿ ಗುಟ್ಟು ಬಲ್ಲವರ ಕೈ ಕಟ್ಟುವ ಕಾನೂನು ಬಂದಿತ್ತು. ನಾನು ಹುಟ್ಟಿದ್ದೂ ಅದೇ ವರ್ಷ. ಆ ಕಾನೂನಿನ ಜೊತೆಗೇ ಬೆಳೆದ ನನಗೆ ಅದರಾಚೆಗೆ ಒಂದು ತಿಳಿವಳಿಕೆ ಇರಬಹುದೆಂದು ಹೊಳೆಯಲೇ ಇಲ್ಲ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಆ ಬೆಟ್ಟದಲ್ಲಿ 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಹಿಂದಿನದರ ಸುಮಾರು ಎರಡು ಪಟ್ಟು ಜಾಗಗಳಲ್ಲಿ ಕಂಡಿತು. 1997! ನಾನು ಆ ಹುಡುಗನನ್ನು ಕೂರಿಸಿದ ವರ್ಷ.

ಹಾಗೆಂದು ಇವತ್ತೇ ಹೋಗಿ ಕಾಡಿಗೆ ಬೆಂಕಿ ಹಾಕಿ ಎಂದಲ್ಲ. ಲಂಟಾನ ಆಳೆತ್ತರ ಬೆಳೆದ ಮೇಲೆ ಹಾಕುವ ಬೆಂಕಿ ಹಳೆಯ ತರಗಿನ ಬೆಂಕಿಯಾಗಿ ಉಳಿಯುವುದಿಲ್ಲ, ಮರಗಳನ್ನೂ ನುಂಗುತ್ತದೆ. ಮೊದಲು ಪೊದೆ ಕಿತ್ತು ತೆಗೆಯಬೇಕು. ಎಲ್ಲಿ, ಎಷ್ಟು, ಯಾವ ತಿಂಗಳು ಎಂಬುದಕ್ಕೆ ಕಂಪ್ಯೂಟರಿನ ಲೆಕ್ಕವೂ ಬೇಕು. 2011ರಲ್ಲಿ ಆ ಬೆಟ್ಟದ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಲೆಕ್ಕ ಹಾಕುವವರು ಅವರ ಪಕ್ಕದಲ್ಲಿ ಕೂತು ಕೇಳಿಕೊಂಡರೆ ಸೂತ್ರದ ಖಾಲಿ ಮನೆಗಳು ತುಂಬುತ್ತವೆ.

ಈಗಲೂ ವರ್ಷಕ್ಕೊಮ್ಮೆ ಆ ಪಾಠ ಬರುತ್ತದೆ. 'ಶತ್ರು' ಎಂಬ ಪದವನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ. ಒಂದು ಬೆಂಕಿಕಡ್ಡಿ ಗೀರಿ ತಲೆಕೆಳಗೆ ಹಿಡಿದು ತೋರಿಸುತ್ತೇನೆ. ಆಮೇಲೆ, ಬಹಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಸರಿಯಾದ ಉತ್ತರ ಹೇಳಿದ್ದ, ನಾನು ಅವನನ್ನು ತಪ್ಪೆಂದು ಕೂರಿಸಿದ್ದೆ ಎಂದು ಮಕ್ಕಳಿಗೆ ಹೇಳುತ್ತೇನೆ. ಅವನಿಗೆ ಈಗ ನಲವತ್ತರ ಹತ್ತಿರ ಇರಬೇಕು. ಸಿಕ್ಕರೆ ಅವನ ಮುಂದೆಯೂ ಹೇಳುವುದಿದೆ.