ಎಸ್.ಬಿ. ರೋಡಿನ ಕಸಬರಿಗೆ

ಪುಣೆಯ ರಿಕ್ಷಾದವರಿಗೆ ‘ಸೇನಾಪತಿ ಬಾಪಟ್ ರಸ್ತೆ’ ಅಂದರೆ ಅರೆಕ್ಷಣ ತಡವರಿಸುತ್ತಾರೆ. ‘ಎಸ್.ಬಿ. ರೋಡ್’ ಅನ್ನಿ, ಕೂಡಲೇ ಗಾಡಿ ಹೊರಡುತ್ತದೆ. ಚತುಃಶೃಂಗಿ ದೇವಿಯ ಗುಡ್ಡದ ಬುಡದಲ್ಲಿ ಹಾದು, ವಿದ್ಯಾಪೀಠದ ಹತ್ತಿರ ಗಣೇಶಖಿಂಡ್ ರಸ್ತೆಗೆ ಕೂಡುವ ದಾರಿ ಇದು. ಈಗ ಇಕ್ಕೆಲದಲ್ಲೂ ಮಾಲು, ದೊಡ್ಡ ಹೋಟೆಲು, ಕಂಪನಿಗಳ ಗಾಜಿನ ಕಟ್ಟಡ. ಆ ಎರಡು ಇಂಗ್ಲಿಷ್ ಅಕ್ಷರಗಳೊಳಗೆ ಹುದುಗಿಹೋದ ಮನುಷ್ಯ ಕಸಬರಿಗೆ ಹಿಡಿದು ಬೀದಿ ಗುಡಿಸಿದವರು ಅಂತ ನನಗೆ ತಿಳಿದದ್ದು, ಈ ಊರಿಗೆ ಬಂದು ಎಷ್ಟೋ ವರ್ಷದ ಮೇಲೆ.

ಪಾಂಡುರಂಗ ಮಹಾದೇವ ಬಾಪಟ್ ಹುಟ್ಟಿದ್ದು 1880ರಲ್ಲಿ, ಅಹಮದ್‌ನಗರ ಜಿಲ್ಲೆಯ ಪಾರ್ನೇರಿನಲ್ಲಿ. (ಜಿಲ್ಲೆಗೆ 2024ರಿಂದ ಅಹಿಲ್ಯಾನಗರ ಅಂತ ಹೆಸರು.) ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಸ್ಕಾಲರ್‌ಶಿಪ್ ಪಡೆದು ವಿಲಾಯತಿಗೆ ಹೋದರು. ಎಂಜಿನಿಯರಿಂಗ್ ಕಲಿಯಲು ಹೋದವರು ಬಾಂಬ್ ಮಾಡುವ ವಿದ್ಯೆ ಕಲಿತು ಬಂದರು! ಇಲ್ಲಿಗೆ ಬಂದ ಮೇಲೆ ಕೆಲ ವರ್ಷ ತಲೆಮರೆಸಿಕೊಂಡಿದ್ದು, ಕೊನೆಗೆ ಹುಟ್ಟೂರಿಗೆ ಮರಳಿ ಪಾರ್ನೇರಿನ ಬೀದಿ ಗುಡಿಸುವುದನ್ನು ವ್ರತ ಮಾಡಿಕೊಂಡರು. ನೂರು ವರ್ಷದ ಹಿಂದಿನ ಮಾತು, ನೆನಪಿರಲಿ. ಬ್ರಾಹ್ಮಣರ ಹುಡುಗ, ಇಂಗ್ಲೆಂಡ್ ನೋಡಿ ಬಂದವ, ಬೆಳಗಾದರೆ ಓಣಿ ಬಳೀತಾನೆ ಅಂದರೆ ಊರು ಸುಮ್ಮನೆ ನೋಡೀತೇ? ಅವರ ಕಸಬರಿಗೆ ಧೂಳನ್ನಷ್ಟೇ ಎಬ್ಬಿಸಲಿಲ್ಲ. ಗುಡಿಸೋದು ಯಾವ ಜಾತಿಯ ಕೆಲಸ ಅಂತ ಊರು ಗಟ್ಟಿ ಮಾಡಿಟ್ಟಿತ್ತೋ, ಅದನ್ನೇ ಕೆದಕಿತು. ಟಾಟಾ ಅಣೆಕಟ್ಟಿನ ವಿರುದ್ಧ ನಡೆದ ಮುಳಶಿ ಸತ್ಯಾಗ್ರಹದಲ್ಲಿ ‘ಸೇನಾಪತಿ’ ಎಂಬ ಹೆಸರು ಬಂದದ್ದು ಆಮೇಲೆ, 1920ರ ದಶಕದಲ್ಲಿ.

ಈ ರಸ್ತೆ ಹೋಗಿ ಕೂಡುವ ಗಣೇಶಖಿಂಡ್ ರಸ್ತೆಗೂ ಒಂದು ಕಸದ ಕಥೆ ಇದೆ, ಅದು ಬೇರೆ ಥರದ್ದು. 1897ರಲ್ಲಿ ಪ್ಲೇಗ್ ಬಂದಾಗ ರ‍್ಯಾಂಡ್ ಎಂಬ ಅಧಿಕಾರಿ ಗೋರಾ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ಅಡಿಗೆಮನೆ, ದೇವರಮನೆ ಅನ್ನಲಿಲ್ಲ, ಸಾಮಾನು ಬೀದಿಗೆ ಎಳೆದು ಸುಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹೊಡೆದದ್ದು ಇದೇ ರಸ್ತೆಯಲ್ಲಿ. ಆ ಪ್ಲೇಗಿನಲ್ಲಿ ಪುಣೆಗೆ ಸರ್ಕಾರಿ ಸ್ವಚ್ಛತೆ ಬಂದದ್ದು ಬಂದೂಕಿನ ಜೊತೆ. ಎರಡು ರಸ್ತೆ ಕೂಡುವ ಆ ಚೌಕದಲ್ಲಿ ಸಿಗ್ನಲ್ಲಿಗೆ ಕಾಯುವಾಗೆಲ್ಲ ನನಗೆ ಈ ಇಬ್ಬರೂ ಒಟ್ಟಿಗೆ ನೆನಪಾಗುತ್ತಾರೆ. ಕಾಯುವ ಹೊತ್ತಂತೂ ಅಲ್ಲಿ ಬೇಕಾದಷ್ಟು ಸಿಗುತ್ತದೆ.

ಪಂಢರಪುರಕ್ಕೆ ಹೋದ ನಮ್ಮ ಕಡೆಯವರು ಗಾಡಗೆ ಬಾಬಾರ ಹೆಸರು ಕೇಳಿರಬಹುದು. 1876ರಲ್ಲಿ ಅಮರಾವತಿ ಜಿಲ್ಲೆಯ ಅಗಸರ ಮನೆಯಲ್ಲಿ ಹುಟ್ಟಿದ ಅವರ ಆಸ್ತಿ ಅಂದರೆ ಒಂದು ಒಡೆದ ಮಡಕೆ, ಒಂದು ಕಸಬರಿಗೆ. ಊರಿಗೆ ಬಂದವರೇ ಮೊದಲು ಬೀದಿ ಗುಡಿಸೋರು, ರಾತ್ರಿ ಕೀರ್ತನೆಯಲ್ಲಿ ಜನರ ತಲೆಯೊಳಗಿನ ಕಸ ಗುಡಿಸೋರು. ಜನ ಕೊಟ್ಟ ದುಡ್ಡು ಧರ್ಮಶಾಲೆ, ಶಾಲೆಗಳಿಗೆ ಹೋಗುತ್ತಿತ್ತು, ತಮಗೆ ಮಾತ್ರ ಮಡಕೆಯಲ್ಲಿ ಬಿದ್ದ ರೊಟ್ಟಿ. ಮಹಾರಾಷ್ಟ್ರ ಸರ್ಕಾರ 2000ದಲ್ಲಿ ಶುರು ಮಾಡಿದ ಗ್ರಾಮಸ್ವಚ್ಛತಾ ಅಭಿಯಾನಕ್ಕೆ ಅವರ ಹೆಸರಿಟ್ಟಿತು. ಜನ ಶ್ರಮದಾನ ಮಾಡಬೇಕು, ಗೆದ್ದ ಹಳ್ಳಿಗೆ ಬಹುಮಾನ.

ರಸ್ತೆಗೆ ಪ್ರಾಯೋಜಕರನ್ನು ಹುಡುಕುವ ಪದ್ಧತಿ ಮಾತ್ರ ಅಮೆರಿಕದ್ದು. 1985ರ ಮಾರ್ಚಿನಲ್ಲಿ ಟೆಕ್ಸಾಸ್‌ನ ಟೈಲರ್ ಎಂಬ ಊರಿನ ಸಿವಿಟನ್ ಕ್ಲಬ್ಬಿನವರು ಎರಡು ಮೈಲಿ ಹೆದ್ದಾರಿಯನ್ನು ದತ್ತು ತೆಗೆದುಕೊಂಡರು. ಕಸ ಆರಿಸುವುದು ಅವರ ಪಾಲು, ಅವರ ಹೆಸರಿನ ಬೋರ್ಡು ನಿಲ್ಲಿಸುವುದು ಸರ್ಕಾರದ ಪಾಲು. ಅಗ್ಗದ, ಒಳ್ಳೆಯ ಉಪಾಯ. ಆದರೆ ಬೋರ್ಡು ಅಂದಮೇಲೆ ಬೋರ್ಡಿಗಾಗಿಯೇ ಬರುವವರೂ ಇರುತ್ತಾರಲ್ಲ? ಮಿಸ್ಸೂರಿ ರಾಜ್ಯದಲ್ಲಿ ಕರಿಯರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ತನಗೂ ಒಂದು ರಸ್ತೆ ಬೇಕು ಅಂತ ಕೋರ್ಟಿಗೆ ಹೋಗಿ ಗೆದ್ದಿತು. ಆಗ ಆ ರಾಜ್ಯದವರು ಆ ರಸ್ತೆಗೇ ರೋಸಾ ಪಾರ್ಕ್ಸ್ ಹೆಸರಿಟ್ಟರು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ಕರಿಯ ಹೆಣ್ಣುಮಗಳ ಹೆಸರು. ಕ್ಲಾನಿನವರು ಕಸ ಆರಿಸಲು ಬರಲೇ ಇಲ್ಲ, 2001ರಲ್ಲಿ ಅವರನ್ನು ಯೋಜನೆಯಿಂದ ಕೈಬಿಟ್ಟರು.

ಪುಣೆಯಲ್ಲೂ ಡಿವೈಡರಿನ ಹೂಗಿಡಕ್ಕೆ, ಚೌಕದ ಹುಲ್ಲಿಗೆ ಕಂಪನಿಗಳ ಬೋರ್ಡು ಬಂದವು. ದೊಡ್ಡ ಮೊತ್ತದಲ್ಲಿ ಬಂದದ್ದು ಸೀರಮ್ ಇನ್‌ಸ್ಟಿಟ್ಯೂಟಿನ ಆದಾರ್ ಪೂನಾವಾಲಾ. ಊರಿನ ಸ್ವಚ್ಛತೆಗೆ 100 ಕೋಟಿ ರೂಪಾಯಿ ಅಂತ 2015ರಲ್ಲಿ ಘೋಷಿಸಿದರು, ಕಸ ಹೀರುವ ಯಂತ್ರಗಳು ರಸ್ತೆಗೆ ಇಳಿದವು. ಅದೇ ವರ್ಷ ನಮ್ಮ ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ನಿನವರು ಭಾನುವಾರದ ಶ್ರಮದಾನ ಹಿಡಿದರು. ವರ್ಷಗಟ್ಟಲೆ ಬಿಡದೆ ನಡೆಸಿದ್ದು ಅವರ ದೊಡ್ಡಸ್ತಿಕೆ.

ಆದರೆ ಪುಣೆಯ ರಸ್ತೆ ನಿಜಕ್ಕೂ ಯಾರ ಕೈಯಲ್ಲಿ ಉಳಿದಿದೆ ಅನ್ನೋದಕ್ಕೆ ಇನ್ನೊಂದು ಚರಿತ್ರೆ ಓದಬೇಕು. 1972ರ ಬರಗಾಲದಲ್ಲಿ ಮರಾಠವಾಡದಿಂದ ಗುಳೆ ಬಂದ ದಲಿತ ಕುಟುಂಬಗಳ ಎಷ್ಟೋ ಹೆಂಗಸರು ಇಲ್ಲಿ ಚಿಂದಿ ಆಯುವ ಕೆಲಸಕ್ಕೆ ಬಿದ್ದರು. ನಾಯಿ ಬೊಗಳೋದು, ಪೊಲೀಸರು ಕಳ್ಳಿ ಅನ್ನೋದು. 1993ರಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರಮನೆ ಇವರೂ ಕಾರ್ಮಿಕ ಮುಂದಾಳು ಬಾಬಾ ಆಢಾವರೂ ಜೊತೆಗೆ ನಿಂತು, ಆ ಹೆಂಗಸರದೇ ಸಂಘ ಕಟ್ಟಿಸಿದರು. ಹೆಸರು ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’, ಅಂದರೆ ಕಾಗದ, ಗಾಜು, ತಗಡು ಆಯುವ ಕಷ್ಟಜೀವಿಗಳ ಪಂಚಾಯ್ತಿ. ಹೋರಾಡಿ ಪಾಲಿಕೆಯ ಮುದ್ರೆಯಿದ್ದ ಗುರುತಿನ ಚೀಟಿ ಪಡೆದರು. ಅದರಿಂದಲೇ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘ 2008ರಲ್ಲಿ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡಿತು: ಮನೆಬಾಗಿಲಿಗೆ ಬಂದು ಕಸ ಒಯ್ಯೋದು, ಮನೆಯವರು ತಿಂಗಳ ಶುಲ್ಕ ಕೊಡೋದು, ಮಾರಾಟವಾಗುವ ವಸ್ತು ಅವರಿಗೆ. ದಾನವಲ್ಲ, ಶ್ರಮದಾನವೂ ಅಲ್ಲ, ದುಡಿಮೆ. ಈಗ 3,000ಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. 2020ರ ಕೊನೆಗೆ ಒಪ್ಪಂದ ಮುಗಿದಾಗ ಒಂದು ತಿಂಗಳು, ಎರಡು ತಿಂಗಳು ಅಂತ ಮುಂದೂಡುತ್ತಾ ಅವರನ್ನು ತೂಗುಯ್ಯಾಲೆಯಲ್ಲಿ ಇಟ್ಟದ್ದೂ ಇದೆ. ಯಂತ್ರ ಬರುತ್ತೆ, ಗುತ್ತಿಗೆದಾರ ಬರ್ತಾನೆ ಅನ್ನೋ ಮಾತು ಅವರ ಹೊಟ್ಟೆಗೆ ಬೀಳುವ ಮಾತು.

ನಮ್ಮ ಸೊಸೈಟಿಯ ಮುಂದಿನ ರಸ್ತೆಯಲ್ಲೂ ಒಂದು ಭಾನುವಾರ ‘ಕ್ಲೀನಿಂಗ್ ಡ್ರೈವ್’ ಆಯಿತು. ಒಂದು ಕಂಪನಿಯವರು ಟೀ ಶರ್ಟು, ಕೈಚೀಲ, ಉಪ್ಪಿಟ್ಟು ಕೊಟ್ಟರು. ನಲವತ್ತು ಜನ ಎರಡು ತಾಸು ಬೆವರು ಸುರಿಸಿದೆವು, ಫೋಟೋ ಆಯಿತು. ಹನ್ನೊಂದು ಮೂಟೆ ಕಸ ಕಂಬದ ಬುಡದಲ್ಲಿ ಕುಳಿತಿತ್ತು. ಒಯ್ಯಬೇಕಾದ ಗಾಡಿ ಸೋಮವಾರ ಬರಲಿಲ್ಲ, ರಾತ್ರಿ ನಾಯಿಗಳು ಮೂಟೆ ಹರಿದವು.

ಮಂಗಳವಾರ ನೋಡಿದರೆ ನಮ್ಮ ಕಟ್ಟಡದ ಮಾವಶಿ (ಚಿಕ್ಕಮ್ಮ ಅಂತ ಅರ್ಥ, ಇಲ್ಲಿ ಕಸ ಒಯ್ಯುವವರನ್ನು ಹಾಗೇ ಕರೆಯೋದು) ಆ ಮೂಟೆಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬಾಟಲಿ, ರಟ್ಟು, ಹಾಲಿನ ಪಾಕೀಟು ಬೇರೆ ಬೇರೆ ಮಾಡುತ್ತಿದ್ದರು. ಅದಕ್ಕೆ ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಆರಿಸದೆ ಹೋದರೆ ಎಲ್ಲವೂ ಊರಾಚೆ ಹೋಗುತ್ತಿತ್ತು. ಪುಣೆಯ ಕಸ ವರ್ಷಾನುಗಟ್ಟಲೆ ಹೋಗಿ ಬಿದ್ದ ಜಾಗ ಉರುಳಿ ದೇವಾಚಿ. ನಾತ ತಡೆಯಲಾರದೆ ಆ ಹಳ್ಳಿಯವರು ಲಾರಿ ತಡೆದು ನಿಂತದ್ದು ಒಂದೆರಡು ಸಲವಲ್ಲ.

‘ಏನ್ ಮಾವಶಿ, ನಮ್ಮ ಕೆಲಸ ಹೆಂಗಿತ್ತು?’ ಅಂತ ಕೇಳಿದೆ.

ಅವರು ತಲೆ ಎತ್ತದೆ ಮರಾಠಿಯಲ್ಲಿ ಹೇಳಿದರು: ‘ಚಲೋ ಇತ್ತು ಸಾಹೇಬ್ರ. ಮುಂದಿನ ಸಲ ಉಪ್ಪಿಟ್ಟಿನ ಪ್ಲೇಟು ಇದರೊಳಗೆ ಹಾಕಬ್ಯಾಡ್ರಿ. ರಟ್ಟೆಲ್ಲ ಹಸಿಯಾಗ್ಯಾವ, ಅಂಗಡಿಯಂವ ತೊಗೊಳ್ಳೂದಿಲ್ಲ.’