ಬ್ರೇಕ್ ಪೈಪ್ ಬದಲಿಸಿ ಆಯಿಲ್ ತುಂಬಿದರೆ ಸಾಕೇ? ಗಾಳಿ ತೆಗೆಯದಿದ್ದರೆ ಬ್ರೇಕ್ ಹಿಡಿಯದು!

ಬೈಕಿನ ಡಿಸ್ಕ್ ಬ್ರೇಕ್ ಪೈಪ್ ಸೋರುತ್ತಿದೆ ಎಂದರೆ ಎರಡು ಸಲಹೆ ಥಟ್ಟನೆ ಸಿಗುತ್ತವೆ. ‘ಹೊಸ ಪೈಪ್ ಹಾಕಿ ಆಯಿಲ್ ತುಂಬಿಸಿದರೆ ಮುಗೀತು’ ಎಂಬುದು ಒಂದು. ‘ಬ್ರೇಕ್ ಆಯಿಲ್ ಇಲ್ಲದಿದ್ದರೆ ಎಂಜಿನ್ ಆಯಿಲ್ ಹಾಕಿದರೂ ನಡೆಯುತ್ತದೆ’ ಎಂಬುದು ಇನ್ನೊಂದು. ಎರಡೂ ತಪ್ಪು, ಎರಡೂ ಅಪಾಯಕಾರಿ. ನಿಜಾಂಶ ಏನೆಂದು ನೋಡೋಣ.

ಗಾಳಿ ಇದ್ದರೆ ಏನಾಗುತ್ತದೆ?

ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಅದು ಜಗ್ಗುವುದಿಲ್ಲ. ನೀರಿನ ಬದಲು ಗಾಳಿ ಇದ್ದರೆ ಒತ್ತಿದಷ್ಟೂ ಕುಗ್ಗುತ್ತದೆ. ಬ್ರೇಕಿನಲ್ಲೂ ಹೀಗೆಯೇ. ನಾವು ಲಿವರ್ ಒತ್ತಿದಾಗ ಆ ಒತ್ತಡವನ್ನು ದ್ರವ ಕ್ಯಾಲಿಪರ್‌ಗೆ ತಲುಪಿಸುತ್ತದೆ. ಪೈಪಿನಲ್ಲಿ ಗಾಳಿ ಉಳಿದಿದ್ದರೆ ನಮ್ಮ ಕೈಬಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ಲಿವರ್ ಸ್ಪಂಜಿನಂತೆ ಹ್ಯಾಂಡಲ್‌ವರೆಗೂ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಈ ಗಾಳಿಯನ್ನು ಹೊರಹಾಕುವ ಕೆಲಸಕ್ಕೇ ‘ಬ್ಲೀಡಿಂಗ್’ ಎನ್ನುತ್ತಾರೆ.

ಎಂಜಿನ್ ಆಯಿಲ್ ಏಕೆ ಬೇಡ?

ನಾವು ‘ಬ್ರೇಕ್ ಆಯಿಲ್’ ಎನ್ನುವುದು ನಿಜವಾಗಿ ಎಣ್ಣೆಯಲ್ಲ. ಡಾಟ್ 3, ಡಾಟ್ 4 ಗ್ಲೈಕಾಲ್ ಆಧಾರಿತ ದ್ರವಗಳು. ಎಂಜಿನ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಡಾಟ್ 5 ಸಿಲಿಕೋನ್ ಆಧಾರಿತ, ಅದನ್ನೂ ಇವುಗಳ ಜೊತೆ ಬೆರೆಸಬಾರದು. ಯಾವುದು ಬೇಕೆಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ.

ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ತೇವ ಹೀರಿದ ದ್ರವಕ್ಕೆ ಈ ಮಿತಿ 155 ಡಿಗ್ರಿ ಮಾತ್ರ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇದ್ದರೆ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳಾಗಬಹುದು. ಹಾಗಾಗಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕು. ತೆರೆದಿಟ್ಟ ಹಳೆಯ ಬಾಟಲಿಯದನ್ನು ಬಳಸಬಾರದು.

ಮನೆಯಲ್ಲಿ ಮಾಡುವುದು ಹೇಗೆ?

1. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ. ಟ್ಯಾಂಕನ್ನು ಬಟ್ಟೆಯಿಂದ ಮುಚ್ಚಿ, ಏಕೆಂದರೆ ಬ್ರೇಕ್ ದ್ರವ ಬಣ್ಣ ಕೀಳುತ್ತದೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

2. ಹಳೆಯ ಪೈಪ್ ಹೋಗಿದ್ದ ದಾರಿಯಲ್ಲೇ ಅಷ್ಟೇ ಉದ್ದದ ಹೊಸದನ್ನು ಕೂರಿಸಿ. ಎರಡೂ ತುದಿಯ ಬೋಲ್ಟ್‌ಗಳಿಗೆ ಹೊಸ ತಾಮ್ರದ ವಾಷರ್ ಹಾಕಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿದಾಗ ಪೈಪ್ ಎಳೆಯಬಾರದು.

3. ಡಬ್ಬಿಗೆ ಹೊಸ ದ್ರವ ತುಂಬಿ. ಕ್ಯಾಲಿಪರ್‌ನ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿ.

4. ಲಿವರನ್ನು ನಿಧಾನವಾಗಿ ಮೂರ್ನಾಲ್ಕು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಗುಳ್ಳೆ ಹೊರಬಂದ ಮೇಲೆ ಮೊದಲು ನಿಪ್ಪಲ್ ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ.

5. ಗುಳ್ಳೆ ನಿಲ್ಲುವವರೆಗೂ ಇದನ್ನೇ ಮಾಡಿ. ಖಾಲಿ ಪೈಪ್ ತುಂಬಲು ಹೆಚ್ಚು ಹೊತ್ತು ಬೇಕು. ನಡುವೆ ಡಬ್ಬಿ ಬರಿದಾಗಲು ಬಿಡಬೇಡಿ.

6. ಕೊನೆಗೆ ಲಿವರನ್ನು ಒಂದು ನಿಮಿಷ ಗಟ್ಟಿಯಾಗಿ ಹಿಡಿಯಿರಿ. ಅದು ಮೆಲ್ಲಗೆ ಒಳಗೆ ಸರಿದರೆ ಎಲ್ಲೋ ಸೋರಿಕೆಯಿದೆ ಅಥವಾ ಸೀಲ್ ಕೆಟ್ಟಿದೆ. ಗಟ್ಟಿಯಾಗಿ ನಿಂತರೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಿ.

ಯಾವಾಗ ಮೆಕ್ಯಾನಿಕ್ ಬೇಕು?

ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಎಬಿಎಸ್ ಘಟಕದೊಳಗೆ ಗಾಳಿ ಸಿಕ್ಕಿಕೊಂಡರೆ ಕೆಲವು ಗಾಡಿಗಳಲ್ಲಿ ಅದನ್ನು ತೆಗೆಯಲು ಸರ್ವಿಸ್ ಸೆಂಟರಿನ ಉಪಕರಣವೇ ಬೇಕಾಗುತ್ತದೆ. ಎಷ್ಟು ಸಲ ಬ್ಲೀಡ್ ಮಾಡಿದರೂ ಲಿವರ್ ಮೆತ್ತಗೇ ಇದ್ದರೆ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ, ಮೆಕ್ಯಾನಿಕ್‌ರನ್ನೇ ಮನೆಗೆ ಕರೆಸಿ.

ಒಟ್ಟಿನಲ್ಲಿ, ಪೈಪ್ ಬದಲಿಸಿದ ಮೇಲೆ ಗಾಳಿ ತೆಗೆಯಲೇಬೇಕು ಮತ್ತು ಮುಚ್ಚಳದ ಮೇಲೆ ಬರೆದ ದ್ರವವನ್ನೇ ಹಾಕಬೇಕು. ‘ಯಾವ ಆಯಿಲ್ ಆದರೂ ನಡೆಯುತ್ತದೆ’ ಎಂಬ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳುಹಿಸಬೇಡಿ.