ನೆನೆಯುವ ಗರಿ: ಮಧುರೆ ಕೆರೆಯ ನೀರುಕಾಗೆಯ ದೇಹರಚನೆ ಕುರಿತು

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಗೆ ಜನ ಬರುವುದು ಶನಿಮಹಾತ್ಮನ ದರ್ಶನಕ್ಕೆ. ಶನಿಯ ವಾಹನ ಕಾಗೆ. ಕೆರೆಯಲ್ಲಿರುವುದು ಇನ್ನೊಂದು ಕಾಗೆ, ನೀರುಕಾಗೆ. ಕಾಗೆಯ ಕುಲಕ್ಕೂ ಇದಕ್ಕೂ ನಂಟಿಲ್ಲ. ಕರಿ ಮೈ ನೋಡಿ ಇಟ್ಟ ಹೆಸರು. ಹೀಗೆ ಎಡವಿದವರು ನಾವಷ್ಟೇ ಅಲ್ಲ. ಇಂಗ್ಲಿಷಿನ 'ಕಾರ್ಮೊರೆಂಟ್' ಕೂಡ 'ಕಡಲ ಕಾಗೆ' ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು.

ಮುಳುಗಿ ಎದ್ದ ನೀರುಕಾಗೆ ಒಣಮರವೇರಿ ರೆಕ್ಕೆ ಹರವಿ ಕೂರುತ್ತದೆ. ಗರಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅದೇ ನೀರಿನಲ್ಲಿ ಮುಳುಗುವ ಗುಳುಮುಳುಕ ಹಕ್ಕಿಗೆ ಒಮ್ಮೆ ಮೈ ಕೊಡವಿದರೆ ಸಾಕು. ನೀರುಕಾಗೆಗೆ ಎಣ್ಣೆಗ್ರಂಥಿಯಿಲ್ಲ, ಅದಕ್ಕೇ ನೆನೆಯುತ್ತದೆ ಎಂಬ ವಿವರಣೆ ಇಂದಿಗೂ ಕೇಳಿಬರುತ್ತದೆ. ಅದು ತಪ್ಪು. ಬಾಲದ ಬುಡದಲ್ಲಿ ಗ್ರಂಥಿ ಇದ್ದೇ ಇದೆ. 1968ರಲ್ಲಿ ಸಂಶೋಧಕ ಎ. ಎಂ. ರೈಕೆ ಕಾರಣವನ್ನು ಗರಿಯ ಎಳೆಗಳ ಹೆಣಿಗೆಯಲ್ಲೇ ಹುಡುಕಿದರು. 2005ರಲ್ಲಿ ಡೇವಿಡ್ ಗ್ರೆಮಿಯೆ ಮತ್ತು ಸಂಗಡಿಗರು ದೊಡ್ಡ ನೀರುಕಾಗೆಯ ಮೈಗರಿಗಳನ್ನು ಪರೀಕ್ಷಿಸಿದರು. ಪ್ರತಿ ಗರಿಯ ಹೊರಭಾಗ ಸಡಿಲ, ತಕ್ಷಣ ನೆನೆಯುತ್ತದೆ. ನಡುಭಾಗ ಮಾತ್ರ ನೀರನ್ನು ಒಳಗೆ ಬಿಡದು. ಹೀಗಾಗಿ ಚರ್ಮಕ್ಕೆ ತಾಗಿದ ತೆಳು ಗಾಳಿಪದರ ಉಳಿದು ಮೈಯನ್ನು ಬೆಚ್ಚಗಿಡುತ್ತದೆ, ಮಿಕ್ಕ ಗಾಳಿ ಹೊರಹೋಗುತ್ತದೆ.

ಗಾಳಿ ಹೋದರೆ ಲಾಭವೇನು? ಗರಿಯೊಳಗಿನ ಗಾಳಿ ಹಕ್ಕಿಯನ್ನು ಮೇಲಕ್ಕೆ ನೂಕುತ್ತದೆ. 10 ಮೀಟರ್ ಆಳದಲ್ಲಿ ನೀರಿನ ಒತ್ತಡವೇ ಅದನ್ನು ಅರ್ಧಕ್ಕೆ ಕುಗ್ಗಿಸುತ್ತದೆ. 2 ಮೀಟರಿನಲ್ಲಿ ಕುಗ್ಗುವುದು ಆರನೆಯ ಒಂದು ಪಾಲು ಅಷ್ಟೇ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ 10 ಮೀಟರ್ ಆಳವೆಲ್ಲಿ ಬಂತು? ಮೀನಿನ ಬೆನ್ನಟ್ಟುವ ಹಕ್ಕಿ ಇಲ್ಲಿ ಆ ನೂಕನ್ನು ತಾನೇ ಕಳೆದುಕೊಳ್ಳಬೇಕು. ನೆನೆಯುವ ಗರಿಯನ್ನು ಕೊರತೆ ಎನ್ನದೆ ಉಪಾಯ ಎನ್ನಲು ನನಗಿರುವ ಆಧಾರ ಇದು.

ಗುಳುಮುಳುಕದ ದಾರಿ ಬೇರೆ. ಅದು ಗರಿಗಳನ್ನು ಮೈಗೆ ಒತ್ತಿಕೊಂಡು ಗಾಳಿಯನ್ನು ಹೊರದೂಡಿ ಸದ್ದಿಲ್ಲದೆ ಇಳಿಯುತ್ತದೆ. ಕಾಲುಗಳು ಮೈಯ ತೀರ ಹಿಂತುದಿಯಲ್ಲಿವೆ, ಬೆರಳಿಗೊಂದರಂತೆ ಎಲೆಯಾಕಾರದ ಅಂಚು. ಈಜಿಗೆ ಹೇಳಿಮಾಡಿಸಿದ ಕಾಲು, ನೆಲದ ಮೇಲೆ ನಡೆಯಲು ಅಷ್ಟಾಗಿ ಒದಗದು. ಗೂಡನ್ನೂ ನೀರಸಸ್ಯಗಳ ಮೇಲೆ ತೇಲುವಂತೆ ಕಟ್ಟುತ್ತದೆ. ನೀರುಕಾಗೆಯ ನಾಲ್ಕೂ ಬೆರಳುಗಳನ್ನು ಒಂದೇ ಪೊರೆ ಕೂಡಿಸಿದ್ದರೂ ಅದು ಕೊಂಬೆ ಹಿಡಿದು ಕೂರಬಲ್ಲದು. ಕೂರಲೇಬೇಕು, ರೆಕ್ಕೆ ಒಣಗಬೇಕಲ್ಲ. ರೆಕ್ಕೆ ಹರವುವುದು ಜೀರ್ಣಕ್ಕೆ, ಮೈ ಕಾಯಿಸಲು ಎಂಬ ವಾದಗಳೂ ಇವೆ. ಒಣಗಿಸುವ ವಾದವೇ ನನಗೆ ಹೆಚ್ಚು ಗಟ್ಟಿ ಎನಿಸುತ್ತದೆ. ಹೂಳೆತ್ತುವಾಗ ಕೆರೆಯಂಗಳದ ಒಣಮರಗಳನ್ನು ಕಸವೆಂದು ಕಿತ್ತರೆ ಗುಳುಮುಳುಕಕ್ಕೆ ಏನೂ ಆಗದು, ನೀರುಕಾಗೆಗೆ ಕೂರಲು ಜಾಗವಿರದು.